ಹಾರದ ವಿಮಾನದ ಮೇಲೆ ಪ್ರಾಜೆಕ್ಟ್ ಮಾಡಬಹುದಾ?

ಪ್ರಶ್ನೆ: ನಾನು ಹುಬ್ಬಳ್ಳಿ ಕಡೆಯವನು. ಏರೋನಾಟಿಕಲ್ ಎಂಜಿನಿಯರಿಂಗ್ ಏಳನೇ ಸೆಮಿಸ್ಟರ್. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಅಮೆರಿಕದ ಬೋಯಿಂಗ್ 2707 ಆರಿಸಿಕೊಂಡಿದ್ದೇನೆ. ಶಬ್ದಕ್ಕಿಂತ ವೇಗವಾಗಿ ಹಾರಬೇಕಿದ್ದ, ಅಂದರೆ ಸೂಪರ್‌ಸಾನಿಕ್, ಪ್ರಯಾಣಿಕ ವಿಮಾನ. ಬ್ರಿಟನ್–ಫ್ರಾನ್ಸ್‌ನವರ ಸೂಪರ್‌ಸಾನಿಕ್ ಕಾಂಕಾರ್ಡ್‌ಗಿಂತ ದೊಡ್ಡದು, ವೇಗವೂ ಜಾಸ್ತಿ, ರೆಕ್ಕೆ ಹಿಂದಕ್ಕೆ ತಿರುಗುವ ವಿನ್ಯಾಸ. ನಾನು ನೋಡಿದ ವಿಡಿಯೋಗಳಲ್ಲೆಲ್ಲ ಒಂದೇ ಮಾತು: ವಿಮಾನ ರೆಡಿ ಇತ್ತು, ಪರಿಸರವಾದಿಗಳ ಗಲಾಟೆಗೆ ಹೆದರಿ 1971ರಲ್ಲಿ ಅಮೆರಿಕದ ಸಂಸತ್ತು ದುಡ್ಡು ನಿಲ್ಲಿಸಿತು. ಇದು ನಿಜವಾ? ರೆಕ್ಕೆ ತಿರುಗಿಸುವುದು ಅಷ್ಟು ಕಷ್ಟವಾಗಿತ್ತಾ? ಸುಮ್ನೆ ಕಾಂಕಾರ್ಡ್ ಥರ ಒಂದು ಮಾಡಬಹುದಿತ್ತಲ್ಲ? ನಮ್ಮ ಗೈಡ್ ಬೇರೆ, "ಆಗದೇ ಹೋದ ವಿಮಾನದ ಮೇಲೆ ಒಂದು ವರ್ಷ ಯಾಕೆ ಹಾಳು ಮಾಡ್ತೀಯ, ಇಂಟರ್‌ವ್ಯೂನಲ್ಲಿ ಏನಂತ ಹೇಳ್ತೀಯ" ಅಂತಿದ್ದಾರೆ. ವಿಷಯ ಬದಲಿಸಲಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಒಂದು, 2707 ಯಾಕೆ ಹಾರಲಿಲ್ಲ ಅನ್ನುವುದು. ಇನ್ನೊಂದನ್ನು ನೀವು ನೇರವಾಗಿ ಕೇಳಿಲ್ಲ, ಆದರೆ ನಿಜವಾದ ಚಿಂತೆ ಅದೇ: ಸೋತ ವಿಮಾನವನ್ನು ಓದಿದರೆ ನಾನೂ ಸೋಲ್ತೀನಾ? ಎರಡನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲನೆಯದು ಸರಿಯಾಗಿ ಗೊತ್ತಾದರೆ ಎರಡನೆಯದು ಅರ್ಧ ತಾನಾಗಿಯೇ ಬಗೆಹರಿಯುತ್ತದೆ.

ಮೊದಲು ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡಿದ್ದು ವೆಯ್ಟ್ಸ್ ವಿಭಾಗದಲ್ಲಿ. ವಿಮಾನದ ಪ್ರತಿ ಬಿಡಿಭಾಗದ ತೂಕ ಬರೆದಿಡುವುದು, ಕೂಡುವುದು, ಪ್ರತಿ ವಾರದ ಮೀಟಿಂಗಿನಲ್ಲಿ "ಮತ್ತೆ ಜಾಸ್ತಿ ಆಗಿದೆ" ಅಂತ ಹೇಳಿ ಎಲ್ಲರ ಕೈಲಿ ಬೈಸಿಕೊಳ್ಳುವುದು. ಹಾಗಾಗಿ ನನಗೆ ಯಾವ ವಿಮಾನ ಕಂಡರೂ ಮೊದಲು ಕಾಣುವುದು ತಕ್ಕಡಿ. 2707ರ ವಿಷಯದಲ್ಲಿ ಮಾತ್ರ ಈ ಚಾಳಿ ಉಪಯೋಗಕ್ಕೆ ಬರುತ್ತದೆ.

"ವಿಮಾನ ರೆಡಿ ಇತ್ತು" ಅನ್ನುವುದು ಸುಳ್ಳು. ರೆಡಿ ಇದ್ದದ್ದು ಮಾಕ್‌ಅಪ್. ಅಂದರೆ ಮರ, ಪ್ಲೈವುಡ್ ಇಟ್ಟು ಮಾಡಿದ ಪೂರ್ತಿ ಅಳತೆಯ ಗೊಂಬೆ. ನೀವು ನೋಡಿದ ವಿಡಿಯೋಗಳಲ್ಲಿ ಥಳಥಳ ಹೊಳೆಯುವ ಉದ್ದ ಮೂಗಿನ ವಿಮಾನ ಬರುತ್ತದಲ್ಲ, ಅದು ಇದೇ. ಆಮೇಲೆ ಅದರ ಕಥೆ ಏನಾಯಿತು ಗೊತ್ತಾ? ಫ್ಲಾರಿಡಾದ ಕಿಸ್ಸಿಮಿ ಅನ್ನುವ ಊರಿನಲ್ಲಿ 1973ರಿಂದ ಕೆಲವು ವರ್ಷ ಟಿಕೆಟ್ ಇಟ್ಟು ತೋರಿಸಿದರು. ಪ್ರದರ್ಶನ ಮುಚ್ಚಿತು, ಕಟ್ಟಡ ಚರ್ಚ್ ಆಯಿತು, ವಿಮಾನ ಮಾತ್ರ ಅಲ್ಲೇ ಉಳಿಯಿತು. ಭಕ್ತರು ಸೂಪರ್‌ಸಾನಿಕ್ ವಿಮಾನದ ಕೆಳಗೆ ಕೂತು ಪ್ರಾರ್ಥನೆ ಮಾಡುತ್ತಿದ್ದರು. ಕೊನೆಗೆ ಅದರ ಮುಂಭಾಗ ಕ್ಯಾಲಿಫೋರ್ನಿಯಾದ ಒಂದು ಮ್ಯೂಸಿಯಂಗೆ ಹೋಗಿ, 2013ರಲ್ಲಿ ಹುಟ್ಟಿದ ಊರಾದ ಸಿಯಾಟಲ್ ಕಡೆಗೆ ವಾಪಸ್ ಬಂತು. ಹಾರಬೇಕಿದ್ದ ಎರಡು ಪ್ರೊಟೊಟೈಪ್‌ಗಳ ಕೆಲಸ ಶುರುವಾದದ್ದು 1969ರ ಸೆಪ್ಟೆಂಬರ್‌ನಲ್ಲಿ. 1971ರ ಮಾರ್ಚ್‌ನಲ್ಲಿ ದುಡ್ಡು ನಿಂತಾಗ ಅವೆರಡೂ ಅಪೂರ್ಣ.

ಶುರುವಾತಿಗೆ ಬರೋಣ. ಬ್ರಿಟನ್ ಮತ್ತು ಫ್ರಾನ್ಸ್ 1962ರ ನವೆಂಬರ್‌ನಲ್ಲಿ ಕಾಂಕಾರ್ಡ್ ಒಪ್ಪಂದಕ್ಕೆ ಸಹಿ ಹಾಕಿದವು. ಮುಂದಿನ ವರ್ಷ ಜೂನ್‌ನಲ್ಲಿ ಅಮೆರಿಕದ್ದೇ ಆದ ಪ್ಯಾನ್ ಆಮ್ ಕಂಪನಿ ಆರು ಕಾಂಕಾರ್ಡ್ ಕಾದಿರಿಸಿತು. ಅದರ ಬೆನ್ನಿಗೇ, 1963ರ ಜೂನ್ 5ರಂದು, ಅಧ್ಯಕ್ಷ ಕೆನಡಿ ಕೊಲರಾಡೋದ ವಾಯುಪಡೆ ಅಕಾಡೆಮಿಯ ಪದವಿ ಸಮಾರಂಭದಲ್ಲಿ ನಿಂತು ನಾವೂ ಒಂದು ಮಾಡುತ್ತೇವೆ ಅಂತ ಘೋಷಿಸಿದರು. ಖರ್ಚಿನ ಮುಕ್ಕಾಲು ಪಾಲು ಸರ್ಕಾರದ್ದು, 75 ಕೋಟಿ ಡಾಲರ್ ಮಿತಿ. ಈ ಹಿನ್ನೆಲೆ ಯಾಕೆ ಹೇಳಿದೆ ಅಂದರೆ, ಮುಂದಿನ ತಪ್ಪುಗಳೆಲ್ಲ ಇಲ್ಲಿಂದಲೇ ಹುಟ್ಟಿದವು. ತಡವಾಗಿ ಹೊರಟವರಿಗೆ ಸಮ ಬಂದರೆ ಸಾಲದು. ಮುಂದೆ ಹೋಗಬೇಕು. ಕಾಂಕಾರ್ಡ್ 100 ಜನರನ್ನು ಒಯ್ದರೆ ನಮ್ಮದು ಅದಕ್ಕಿಂತ ಜಾಸ್ತಿ ಜನ ಒಯ್ಯಬೇಕು, ಅದು ಮ್ಯಾಕ್ 2 (ಶಬ್ದದ ವೇಗದ ಎರಡು ಪಟ್ಟು) ಅಂದರೆ ನಮ್ಮದು 2.7 ಅಥವಾ 3.

1964ರ ಜನವರಿಯಲ್ಲಿ ಮೂರು ಕಂಪನಿಗಳ ವಿನ್ಯಾಸ ಬಂದವು. ನಾರ್ತ್ ಅಮೆರಿಕನ್‌ನವರ ಎನ್‌ಎಸಿ-60 ಅವರದೇ ಬಿ-70 ಬಾಂಬರ್‌ನ ತಮ್ಮನ ಹಾಗಿತ್ತು, ಅದೇ ವರ್ಷ ಸ್ಪರ್ಧೆಯಿಂದ ಹೊರಬಿತ್ತು. ಲಾಕ್‌ಹೀಡ್‌ನವರದು ಎಲ್-2000. ರೆಕ್ಕೆ ತಿರುಗುವುದಿಲ್ಲ, ಡಬಲ್ ಡೆಲ್ಟಾ: ಮುಂದೆ ತುಂಬಾ ಚೂಪಾದ ತ್ರಿಕೋನ, ಹಿಂದೆ ಸ್ವಲ್ಪ ಅಗಲದ ತ್ರಿಕೋನ. ಬೋಯಿಂಗ್‌ನವರದು ಸ್ವಿಂಗ್ ವಿಂಗ್, ಅಂದರೆ ನೀವು ಹೇಳಿದ ತಿರುಗುವ ರೆಕ್ಕೆ. ಇವರಿಗಿಂತ ಮೊದಲೇ ಡಗ್ಲಸ್ ಕಂಪನಿ 2229 ಅನ್ನುವ ಮ್ಯಾಕ್ 3 ವಿಮಾನದ ಲೆಕ್ಕ ಹಾಕಿ, ಇದರಲ್ಲಿ ದುಡ್ಡು ಹುಟ್ಟುವುದಿಲ್ಲ ಅಂತ ಪೆನ್ ಕೆಳಗಿಟ್ಟಿತ್ತು. ಆ ಕಾಲದಲ್ಲಿ ಯಾರೂ ಡಗ್ಲಸ್‌ನವರನ್ನು ಬುದ್ಧಿವಂತರು ಅನ್ನಲಿಲ್ಲ. ನನ್ನ ಕಣ್ಣಲ್ಲಿ ಮಾತ್ರ ಅವರೇ ಸರಿ.

1966ರ ಕೊನೆಯ ದಿನ, ಡಿಸೆಂಬರ್ 31ರಂದು, ಬೋಯಿಂಗ್ ಗೆದ್ದಿತು. ಎಂಜಿನ್ ಜನರಲ್ ಎಲೆಕ್ಟ್ರಿಕ್‌ನದು.

ಇನ್ನು ಕಾಂಕಾರ್ಡ್ ಥರ ಒಂದು ಯಾಕೆ ಮಾಡಲಿಲ್ಲ ಅನ್ನುವ ನಿಮ್ಮ ಪ್ರಶ್ನೆ. ಇದಕ್ಕೆ ಉತ್ತರ ಬಿಸಿಯಲ್ಲಿದೆ. ಸೂಪರ್‌ಸಾನಿಕ್ ವೇಗದಲ್ಲಿ ಗಾಳಿ ಮೂಗಿಗೆ ಬಡಿದು ಒತ್ತಿಕೊಂಡು ಬಿಸಿಯಾಗುತ್ತದೆ. ಹೊರಗೆ ಮೈನಸ್ 56 ಡಿಗ್ರಿ ಇದ್ದರೂ ಮ್ಯಾಕ್ 2ರಲ್ಲಿ ಕಾಂಕಾರ್ಡ್ ಮೂಗಿನ ತುದಿ 127 ಡಿಗ್ರಿ ಮುಟ್ಟುತ್ತಿತ್ತು. ಒಳ್ಳೆಯ ಅಲ್ಯೂಮಿನಿಯಂ ಮಿಶ್ರಲೋಹ ದಿನವೂ ಗಂಟೆಗಟ್ಟಲೆ ತಡೆಯಬಲ್ಲ ಬಿಸಿ ಸುಮಾರು ಅಷ್ಟೇ. ಕಾಂಕಾರ್ಡ್‌ನ ವೇಗ ತೀರ್ಮಾನ ಆದದ್ದೇ ಹಾಗೆ. ಮ್ಯಾಕ್ 2.7ಕ್ಕೆ ಅದೇ ಲೆಕ್ಕ ಹಾಕಿ, ಮೂಗಿನ ತುದಿಯಲ್ಲಿ ಸುಮಾರು 260 ಡಿಗ್ರಿ ಬರುತ್ತದೆ. ದೋಸೆ ಹಾಕುವ ಕಾವಲಿಗಿಂತ ಬಿಸಿ. ಅಲ್ಯೂಮಿನಿಯಂ ಅಲ್ಲಿ ಮೆತ್ತಗಾಗುತ್ತದೆ, ಟೈಟೇನಿಯಂ ಬೇಕು. ಟೈಟೇನಿಯಂ ದುಬಾರಿ, ಕೊರೆಯುವುದು ಕಷ್ಟ, ವೆಲ್ಡಿಂಗ್ ಮಾಡುವಾಗ ಗಾಳಿ ತಾಗದ ಹಾಗೆ ಜಡ ಅನಿಲ ಹಾಯಿಸಬೇಕು. ಅಷ್ಟು ದೊಡ್ಡ ಟೈಟೇನಿಯಂ ವಿಮಾನ ಆವರೆಗೆ ಯಾರೂ ಕಟ್ಟಿರಲಿಲ್ಲ. ವೇಗ 2ರಿಂದ 2.7ಕ್ಕೆ ಏರಿಸಿದ್ದು ಕಾಗದದ ಮೇಲೆ ಸಣ್ಣ ಬದಲಾವಣೆ. ಕಾರ್ಖಾನೆಯಲ್ಲಿ ಅದು ಬೇರೆಯೇ ಲೋಕ. ಅಷ್ಟಾಗಿ ಉಳಿಯುವ ಸಮಯ ಎಷ್ಟು? ನ್ಯೂಯಾರ್ಕ್–ಲಂಡನ್ ಕಾಂಕಾರ್ಡ್‌ನಲ್ಲಿ ಮೂರೂವರೆ ಗಂಟೆ. ಮ್ಯಾಕ್ 2.7ರಲ್ಲಿ ಮೂರು ಗಂಟೆಯ ಒಳಗೆ. ಊರಿನಿಂದ ಏರ್‌ಪೋರ್ಟ್‌ಗೆ ಹೋಗುವ ಟ್ರಾಫಿಕ್‌ನಲ್ಲೇ ಆ ಉಳಿತಾಯ ಕರಗಿ ಹೋಗುತ್ತದೆ, ಅಲ್ವಾ?

ಈಗ ನಿಮ್ಮ ಪ್ರೀತಿಯ ಸ್ವಿಂಗ್ ವಿಂಗ್. ಆ ಯೋಚನೆ ಚೆನ್ನಾಗಿಯೇ ಇದೆ. ಕೆಳಗಿಳಿಯುವಾಗ ರೆಕ್ಕೆ ಅಡ್ಡಕ್ಕೆ ಚಾಚಿದರೆ ನಿಧಾನವಾಗಿ, ಸದ್ದು ಕಡಿಮೆ ಮಾಡಿಕೊಂಡು ಇಳಿಯಬಹುದು. ಮೇಲೆ ಹೋದಮೇಲೆ ಹಿಂದಕ್ಕೆ ತಿರುಗಿಸಿ ಬಾಲದ ರೆಕ್ಕೆಗೆ ತಾಗಿಸಿದರೆ ಇಡೀ ವಿಮಾನ ಒಂದು ಬಾಣದ ತುದಿ. ಬೋಯಿಂಗ್‌ಗೆ ಇದರಲ್ಲಿ ಅನುಭವವೂ ಇತ್ತು. 1962ರಲ್ಲಿ ಕೈತಪ್ಪಿದ ಒಂದು ಯುದ್ಧವಿಮಾನದ ಸ್ಪರ್ಧೆಗೆ ಸ್ವಿಂಗ್ ವಿಂಗ್ ಮೇಲೆ ಅವರು ಬಹಳ ಕೆಲಸ ಮಾಡಿದ್ದರು. ಆ ಸ್ಪರ್ಧೆ ಗೆದ್ದವರ ಎಫ್-111 ಸ್ವಿಂಗ್ ವಿಂಗ್ ಆಗಿಯೇ ಹಾರಿತು ಕೂಡ. ಹಾಗಾಗಿ "ರೆಕ್ಕೆ ತಿರುಗಿಸಲು ಬರಲಿಲ್ಲ" ಅನ್ನುವುದೂ ಸುಳ್ಳೇ. ತಿರುಗಿಸಲು ಬರುತ್ತಿತ್ತು. ತೂಕ ಹೊರಲು ಬರಲಿಲ್ಲ.

ಒಂದು ಬಾಗಿಲನ್ನು ನೆನೆಸಿಕೊಳ್ಳಿ. ಗೋಡೆಗೆ ಸೇರಿಸಿ ಕಟ್ಟಿದ ಕಲ್ಲಿನ ಕಪಾಟು ತನ್ನ ಭಾರವನ್ನು ಇಡೀ ಗೋಡೆಗೆ ಹಂಚುತ್ತದೆ. ಬಾಗಿಲು ಹಾಗಲ್ಲ. ಅದರ ಭಾರವೆಲ್ಲ ಎರಡು ತಿರುಗಣೆಗೆ ಬರುತ್ತದೆ. 300 ಟನ್ ಮೀರಿದ ವಿಮಾನ ಗಾಳಿಯಲ್ಲಿ ನಿಂತಿರುವುದು ಈ ಥರ ಎರಡು ತಿರುಗಣೆ, ಅಂದರೆ ಪಿವಟ್ ಮೇಲೆ. ಪಿವಟ್ ದಪ್ಪ ಆಗಬೇಕು. ಅದನ್ನು ಹಿಡಿದಿಡುವ ನಡುಭಾಗ ಅದಕ್ಕಿಂತ ದಪ್ಪ. ತಿರುಗುವ ರೆಕ್ಕೆಯ ಕೆಳಗೆ ಎಂಜಿನ್ ಇಡಲು ಆಗದೆ ನಾಲ್ಕನ್ನೂ ಬಾಲದ ರೆಕ್ಕೆಯ ಕೆಳಗೆ ತಳ್ಳಿದರು. ಹಿಂದೆ ಭಾರ ಆಯಿತು. ಸರಿದೂಗಿಸಲು ಮುಂದೆ ಉದ್ದ ಬೇಕು. ಉದ್ದ ದೇಹ ಬಳುಕುತ್ತದೆ, ಅದಕ್ಕೆ ಮೂಗಿನ ಹತ್ತಿರ ಸಣ್ಣ ರೆಕ್ಕೆ ಸೇರಿಸಿದರು. ಅದಕ್ಕೂ ತೂಕ. ಇಷ್ಟರ ನಡುವೆ ಏರ್‌ಲೈನ್‌ಗಳ ಒತ್ತಾಯಕ್ಕೆ ಸೀಟುಗಳೂ ಏರಿದವು. 1964ರಲ್ಲಿ 150 ಜನರ ವಿಮಾನವಾಗಿದ್ದದ್ದು ಗೆಲ್ಲುವ ಹೊತ್ತಿಗೆ 300ರ ಹತ್ತಿರ ಬಂದಿತ್ತು. 1968ರ ಅಕ್ಟೋಬರ್‌ನಲ್ಲಿ ಬೋಯಿಂಗ್ ತಾನೇ ಕೈಚೆಲ್ಲಿ ಸ್ವಿಂಗ್ ವಿಂಗ್ ಬಿಟ್ಟಿತು. 2707-300 ಅಂತ ಹೊಸ ವಿನ್ಯಾಸ ಬಂತು. ತಿರುಗದ ಡೆಲ್ಟಾ ರೆಕ್ಕೆ, 234 ಸೀಟು. ಸೋತ ಲಾಕ್‌ಹೀಡ್‌ನವರು ಎರಡು ವರ್ಷದ ಹಿಂದೆ ತಂದಿಟ್ಟಿದ್ದ ದಾರಿಗೇ ಗೆದ್ದವರು ಬಂದರು. ಸ್ಪರ್ಧೆ ಗೆಲ್ಲಿಸಿದ ಅಂಶವನ್ನೇ ಬಿಟ್ಟುಕೊಟ್ಟರು. ಗಮನಿಸಿ, ಇದು 1971ಕ್ಕೆ ಎರಡೂವರೆ ವರ್ಷ ಮೊದಲು. ಆಗಿನ್ನೂ ಯಾವ ಸಂಸತ್ತೂ ದುಡ್ಡು ನಿಲ್ಲಿಸಿರಲಿಲ್ಲ.

ತೂಕ ಸ್ವಲ್ಪ ಜಾಸ್ತಿ ಆದರೆ ಏನಾಯಿತು ಅಂತ ನೀವು ಕೇಳಬಹುದು. ಎಲ್ಲ ವಿಮಾನವೂ ಜಾಸ್ತಿ ಆಗುತ್ತದೆ. ಹೌದು. ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಸಲ ಹೈಡ್ರಾಲಿಕ್ ಪೈಪ್ ಹಿಡಿದಿಡುವ ಬ್ರ್ಯಾಕೆಟ್ ಬಂತು. ಡ್ರಾಯಿಂಗ್‌ನಲ್ಲಿ 180 ಗ್ರಾಂ, ತಕ್ಕಡಿಯಲ್ಲಿ 310. ಯಾರದೂ ತಪ್ಪಿಲ್ಲ. ಕಂಪನದ ಲೆಕ್ಕ ಹಾಕಿದವರು ಮೂಲೆ ಸ್ವಲ್ಪ ದಪ್ಪ ಇರಲಿ ಅಂದರು, ವರ್ಕ್‌ಶಾಪ್‌ನವರು ಸಿಕ್ಕಿದ ದಪ್ಪದ ತಗಡು ಹಾಕಿದರು. ಅಂಥವು 64 ಇದ್ದವು. ಎಂಟು ಕಿಲೋ ಚಿಲ್ಲರೆ ಅಲ್ಲಿಗೆ ಹೋಯಿತು. ಮಾಮೂಲಿ ವಿಮಾನ ಇದನ್ನು ನುಂಗಿಕೊಳ್ಳುತ್ತದೆ. ಸೂಪರ್‌ಸಾನಿಕ್ ನುಂಗುವುದಿಲ್ಲ. ಯಾಕೆ ಅಂತ ಕಾಂಕಾರ್ಡ್ ಲೆಕ್ಕದಲ್ಲೇ ತೋರಿಸುತ್ತೇನೆ. ಅದು ನಿಜವಾಗಿ ಹಾರಿದ ವಿಮಾನ, ಅದರ ಅಂಕಿಗಳನ್ನು ನಂಬಬಹುದು.

ಕಾಂಕಾರ್ಡ್ ನೆಲ ಬಿಡುವಾಗ ಗರಿಷ್ಠ ತೂಕ ಸುಮಾರು 185 ಟನ್. ಖಾಲಿ ವಿಮಾನವೇ 78 ಟನ್ ಮೀರುತ್ತದೆ. ತುಂಬು ಟ್ಯಾಂಕ್ ಇಂಧನ 95 ಟನ್ ಚಿಲ್ಲರೆ. ಕಳೆಯಿರಿ. ಉಳಿಯುವುದು 10–11 ಟನ್. ನೂರು ಜನ, ಅವರ ಪೆಟ್ಟಿಗೆ, ಊಟ, ಎಲ್ಲ ಇದರಲ್ಲೇ. ಈಗ ಖಾಲಿ ವಿಮಾನದ ತೂಕ ಲೆಕ್ಕಕ್ಕಿಂತ ಬರೀ 5% ಜಾಸ್ತಿ ಆಯಿತು ಅನ್ನಿ. ಸುಮಾರು 4 ಟನ್. ಇಂಧನ ಕಡಿಮೆ ಮಾಡುವ ಹಾಗಿಲ್ಲ, ಮಾಡಿದರೆ ಅಟ್ಲಾಂಟಿಕ್ ದಾಟುವುದಿಲ್ಲ. ಹಾಗಾದರೆ ಇಳಿಯಬೇಕಾದವರು ಯಾರು? ನೂರರಲ್ಲಿ ಮೂವತ್ತೈದಕ್ಕೂ ಹೆಚ್ಚು ಪ್ರಯಾಣಿಕರು. ವಿನ್ಯಾಸದಲ್ಲಿ 5% ತಪ್ಪು, ಟಿಕೆಟ್ ದುಡ್ಡಿನಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ನಷ್ಟ. 2707 ಕಾಂಕಾರ್ಡ್‌ಗಿಂತ ದೊಡ್ಡದು, ಆದರೆ ಗಣಿತ ಅದೇ ಜಾತಿಯದು. ಮೊದಲ ಸಲ ಈ ಲೆಕ್ಕ ಹಾಕಿದಾಗ ನನಗೆ ನಿಜವಾಗಲೂ ಹೊಟ್ಟೆ ಹಿಂಡಿದ ಹಾಗಾಯಿತು.

ಇಂಧನ ಅಷ್ಟು ಯಾಕೆ ಬೇಕು? ಲಿಫ್ಟ್ (ರೆಕ್ಕೆ ಮೇಲಕ್ಕೆತ್ತುವ ಬಲ) ಮತ್ತು ಡ್ರ್ಯಾಗ್ (ಗಾಳಿ ಹಿಂದಕ್ಕೆಳೆಯುವ ಬಲ) ಅನುಪಾತ ನೋಡಿ. ಜಂಬೋ 747ಕ್ಕೆ ಸುಮಾರು 17. ಮ್ಯಾಕ್ 2ರಲ್ಲಿ ಕಾಂಕಾರ್ಡ್‌ಗೆ 7 ಚಿಲ್ಲರೆ. ಅಂದರೆ ಅದೇ ಭಾರ ಎತ್ತಿ ಹಿಡಿಯಲು ಎರಡು ಪಟ್ಟಿಗಿಂತ ಜಾಸ್ತಿ ನೂಕಬೇಕು. ಅದರ ಮೇಲೆ ಎಂಜಿನ್ ಅದೇ ನೂಕಿಗೆ ಗಂಟೆಗೆ ಹತ್ತಿರಹತ್ತಿರ ಎರಡು ಪಟ್ಟು ಇಂಧನ ಕುಡಿಯುತ್ತದೆ. ವೇಗ ಎರಡು ಪಟ್ಟು ಮೀರಿ ಹೆಚ್ಚಿದ್ದರಿಂದ ಒಂದು ಸಾಲ ತೀರುತ್ತದೆ. ಇನ್ನೊಂದು ಸಾಲ ಹಾಗೇ ಉಳಿಯುತ್ತದೆ. ವಿಮಾನ ಎಷ್ಟು ದೂರ ಹಾರಬಲ್ಲದು ಅಂತ ಹೇಳುವ ಬ್ರೆಗೆ ಸಮೀಕರಣ ನೀವು ಓದಿದ್ದೀರಲ್ಲ, ಈ ಮೂರು ಅಂಕಿ ಹಾಕಿ ನೋಡಿ.

ಇನ್ನು ಸದ್ದು. ಇದು ಪರಿಸರವಾದಿಗಳ ಕಟ್ಟುಕಥೆ ಅನ್ನುವವರು ಒಕ್ಲಹೋಮಾ ಸಿಟಿಯ ಕಥೆ ಓದಬೇಕು. 1964ರ ಫೆಬ್ರುವರಿಯಿಂದ ಆರು ತಿಂಗಳು ಸರ್ಕಾರವೇ ಆ ಊರಿನ ಮೇಲೆ ಯುದ್ಧವಿಮಾನ ಹಾರಿಸಿ ದಿನಕ್ಕೆ ಎಂಟರಂತೆ 1,253 ಸಾನಿಕ್ ಬೂಮ್, ಅಂದರೆ ಶಬ್ದಕ್ಕಿಂತ ವೇಗವಾಗಿ ಹೋಗುವ ವಿಮಾನದ ಢಂ ಸದ್ದು, ಕೇಳಿಸಿತು. ವೇಳಾಪಟ್ಟಿ ಮೊದಲೇ ಹೇಳಿದ್ದರು, ರಾತ್ರಿ ಹೊತ್ತು ಹಾರಿಸಲಿಲ್ಲ. ಊರೂ ವಿಮಾನದ ಕೆಲಸವನ್ನೇ ನಂಬಿದ್ದ ಊರು, ಬೇಕಂತಲೇ ಒಲವಿರುವ ಕಡೆ ಪರೀಕ್ಷೆ ಇಟ್ಟಿದ್ದರು ಅನ್ನಿಸುತ್ತದೆ. ಅಷ್ಟಾದರೂ 15,000ಕ್ಕೂ ಹೆಚ್ಚು ದೂರು ಬಂದವು. ಸುಮಾರು ಕಾಲು ಭಾಗ ಜನ ಇದರ ಜೊತೆ ಬದುಕಲು ಆಗುವುದಿಲ್ಲ ಅಂದರು. ಸರ್ಕಾರ ಇದನ್ನು "ಮುಕ್ಕಾಲು ಭಾಗ ಒಪ್ಪಿದರು" ಅಂತ ಓದಬಹುದಿತ್ತು. ದೇಶದ ಕಾಲು ಭಾಗ ಜನ ನಿದ್ದೆಗೆಟ್ಟರೆ ಚುನಾವಣೆ ಏನಾಗುತ್ತದೆ ಅಂತ ಲೆಕ್ಕ ಹಾಕಲು ಎಂಜಿನಿಯರ್ ಬೇಕಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಿಮ್ಮ ವಿಡಿಯೋಗಳಲ್ಲೂ ಇರುತ್ತದೆ. ವಿಮಾನ ಶಬ್ದದ ವೇಗ ದಾಟುವ ಕ್ಷಣಕ್ಕೆ ಮಾತ್ರ ಬೂಮ್ ಆಗುತ್ತದೆ ಅಂತ. ಹಾಗಲ್ಲ. ದೋಣಿಯ ಹಿಂದೆ ನೀರಿನ ಅಲೆ ಎಳೆದುಕೊಂಡು ಹೋಗುವ ಹಾಗೆ, ಸೂಪರ್‌ಸಾನಿಕ್ ಇರುವಷ್ಟು ಹೊತ್ತೂ ಅದು ಹಿಂದೆ ಬರುತ್ತದೆ. 60,000 ಅಡಿ ಎತ್ತರದಲ್ಲಿ ಹಾರಿದರೆ ನೆಲದ ಮೇಲೆ ಸುಮಾರು 80–100 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಕೇಳಿಸುತ್ತದೆ. ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ವರೆಗೆ ಆ ಪಟ್ಟಿ ಎಳೆದು ನೋಡಿ, ಒಂದೊಂದು ಫ್ಲೈಟ್‌ಗೂ. ಬೆಂಗಳೂರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. 2020ರ ಮೇ 20ರ ಮಧ್ಯಾಹ್ನ ಊರೆಲ್ಲ ಢಂ ಅಂದದ್ದು ನೆನಪಿದೆಯಲ್ಲ. ಭೂಕಂಪ ಅಂದರು, ಏನೋ ಸ್ಫೋಟ ಅಂದರು. ಕೊನೆಗೆ ರಕ್ಷಣಾ ಇಲಾಖೆ, ಅದು ವಾಯುಪಡೆಯ ಪರೀಕ್ಷಾ ಹಾರಾಟ, ವಿಮಾನ ಇದ್ದದ್ದು ನಗರದ ಹೊರಗೆ, 36,000–40,000 ಅಡಿ ಎತ್ತರದಲ್ಲಿ ಅಂತ ಹೇಳಿತು. ಒಂದು ಸಲ ಆದದ್ದನ್ನು ಜನ ಇವತ್ತಿಗೂ ಮಾತಾಡುತ್ತಾರೆ. ದಿನಕ್ಕೆ ಎಂಟು ಅಂದರೆ?

ವಿಧಿಯ ತಮಾಷೆ ಒಂದಿದೆ. ಕೆನಡಿ ಯೋಜನೆ ಘೋಷಿಸಿದ ಅದೇ ವಾಯುಪಡೆ ಅಕಾಡೆಮಿಯಲ್ಲಿ 1968ರ ಮೇ ಕೊನೆಯ ದಿನ ಒಂದು ಸಮಾರಂಭ. ಗೌರವಕ್ಕೆ ಅಂತ ಮೇಲೆ ಹಾರಿದ ಎಫ್-105 ಯುದ್ಧವಿಮಾನ ತಪ್ಪಿ ಶಬ್ದದ ವೇಗ ಮೀರಿತು. ಸುಮಾರು 200 ಕಿಟಕಿ ಗಾಜು ಒಡೆದು ಒಂದಷ್ಟು ಜನರಿಗೆ ಗಾಯ ಆಯಿತು.

ಹಾಗಾದರೆ ಪರಿಸರವಾದಿಗಳ ಪಾತ್ರ ಇಲ್ಲವೇ ಇಲ್ಲವಾ? ಇತ್ತು. ಹಾರ್ವರ್ಡ್‌ನ ಭೌತವಿಜ್ಞಾನಿ ವಿಲಿಯಂ ಶರ್ಕ್ಲಿಫ್ 1967ರಲ್ಲಿ ಬೂಮ್ ವಿರುದ್ಧ ಒಂದು ನಾಗರಿಕರ ಕೂಟ ಕಟ್ಟಿದರು. ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ವರ್ಷಗಟ್ಟಲೆ ಹಟ ಹಿಡಿದು ದುಡ್ಡಿನ ಲೆಕ್ಕ ಕೇಳಿದರು. ಅವರದು ಮುಖ್ಯವಾಗಿ ತೆರಿಗೆದಾರರ ಪರವಾದ ವಾದ. ರಿಚರ್ಡ್ ಗಾರ್ವಿನ್ ಅಂತ ಇನ್ನೊಬ್ಬ ಭೌತವಿಜ್ಞಾನಿ ಸರ್ಕಾರಕ್ಕೇ ಸಲಹೆ ಕೊಡುತ್ತಿದ್ದವರು. ಟೇಕಾಫ್ ಆಗುವಾಗ ಇದರ ಸದ್ದು 50 ಜಂಬೋಗಳು ಒಟ್ಟಿಗೆ ಎದ್ದ ಹಾಗಿರುತ್ತದೆ ಅಂದರು. ಇವರನ್ನೆಲ್ಲ ಒಂದೇ ಚೀಲಕ್ಕೆ ತುಂಬಿ "ಪರಿಸರವಾದಿಗಳು" ಅನ್ನುವುದು ಸೋಮಾರಿತನ. ಓಝೋನ್ ಪದರದ ಮಾತು ಎದ್ದದ್ದು ನಿಜ. ಆದರೆ ಅದರ ಬಗ್ಗೆ ಬಹಳ ಚರ್ಚೆಯಾದ ಹೆರಾಲ್ಡ್ ಜಾನ್ಸ್‌ಟನ್ ಅವರ ಪ್ರಬಂಧ ಅಚ್ಚಾದದ್ದು 1971ರ ಆಗಸ್ಟ್‌ನಲ್ಲಿ. ಮತದಾನ ಆಗಿದ್ದು ಮಾರ್ಚ್‌ನಲ್ಲಿ. ಹಾಗಾಗಿ ಆ ಪ್ರಬಂಧದಿಂದ ವಿಮಾನ ಸತ್ತಿತು ಅನ್ನುವುದಕ್ಕೆ ತಾರೀಖೇ ಒಪ್ಪುವುದಿಲ್ಲ.

ಆ ಮತದಾನವೂ ಏಕಪಕ್ಷೀಯ ಅಲ್ಲ. ಮಾರ್ಚ್ 18ರಂದು ಪ್ರತಿನಿಧಿ ಸಭೆಯಲ್ಲಿ 215–204. ಮಾರ್ಚ್ 24ರಂದು ಸೆನೆಟ್‌ನಲ್ಲಿ 51–46. ಕೂದಲೆಳೆ. ಮೇ ತಿಂಗಳಲ್ಲಿ ಪ್ರತಿನಿಧಿ ಸಭೆ ಜೀವ ಕೊಡಲು ನೋಡಿತು, ಸೆನೆಟ್ ಮತ್ತೆ ಬೇಡ ಅಂದಿತು. ಇಷ್ಟು ಹತ್ತಿರದ ಮತಕ್ಕೆ ಯಾವ ಕಾರಣ ಬೇಕಾದರೂ ಕೊಡಬಹುದು, ಅದಕ್ಕೇ ಇಷ್ಟೊಂದು ಕಥೆ ಹುಟ್ಟಿವೆ. ನಾನು ನೋಡುವುದು ಬೇರೆ. ಆರ್ಡರ್ ಪುಸ್ತಕದಲ್ಲಿ 26 ಏರ್‌ಲೈನ್‌ಗಳ 122 ವಿಮಾನ ಇದ್ದವು. ಅದು ಸರದಿಯಲ್ಲಿ ಹಾಕಿದ ಟವೆಲ್ ಅಷ್ಟೇ. ನಮ್ಮ ಏರ್ ಇಂಡಿಯಾ ಕೂಡ ಎರಡು ಕಾಂಕಾರ್ಡ್‌ಗೆ ಹೀಗೇ ಟವೆಲ್ ಹಾಕಿತ್ತು, ಆಮೇಲೆ ತೆಗೆದುಕೊಂಡಿತು. ನೆಲದ ಮೇಲೆ ಬೂಮ್ ಬೇಡ ಅಂದಾಗ ಉಳಿಯುವುದು ಸಮುದ್ರದ ಹಾದಿ ಮಾತ್ರ. ಕಾಂಕಾರ್ಡ್‌ಗೆ ಅದೇ ಆಯಿತು. ಲಂಡನ್‌ನಿಂದ ಬಹ್ರೇನ್ ಮೂಲಕ ಸಿಂಗಾಪುರಕ್ಕೆ ಹೋಗುತ್ತಿದ್ದಾಗ ಭಾರತ ತನ್ನ ಮೇಲೆ ಸೂಪರ್‌ಸಾನಿಕ್ ಹಾರಲು ಬಿಡಲಿಲ್ಲ. ಆ ಹಾದಿ 1980ರಲ್ಲಿ ನಿಂತಿತು. ಅಮೆರಿಕ ಸ್ವತಃ 1973ರಲ್ಲಿ ತನ್ನ ನೆಲದ ಮೇಲೆ ನಾಗರಿಕ ಸೂಪರ್‌ಸಾನಿಕ್ ಹಾರಾಟ ನಿಷೇಧಿಸಿತು.

ಬೋಯಿಂಗ್ ಒಳಗೂ ಒಂದು ಸಾಕ್ಷಿ ಇದೆ. 747ರ ತಲೆಯ ಮೇಲೆ ಗೂನು ಇದೆಯಲ್ಲ, ಅದು ಬಂದದ್ದು ಯಾಕೆ ಗೊತ್ತಾ? ನಾಳೆ ಪ್ರಯಾಣಿಕರೆಲ್ಲ ಸೂಪರ್‌ಸಾನಿಕ್‌ಗೆ ಹೋಗುತ್ತಾರೆ, ಜಂಬೋ ಸರಕು ಹೊರುತ್ತದೆ, ಆಗ ಮೂಗು ತೆರೆದು ಸಾಮಾನು ತುಂಬಲು ಕಾಕ್‌ಪಿಟ್ ಮೇಲೆ ಇರಲಿ ಅಂತ. ಮಧ್ಯಂತರಕ್ಕೆ ಅಂತ ಮಾಡಿದ ವಿಮಾನ ಅರ್ಧ ಶತಮಾನ ಓಡಿತು.

ಅವರಿಗೆ ಬೇರೆ ದಾರಿ ಇತ್ತಾ ಅಂದರೆ, ಇತ್ತು. ಅಲ್ಯೂಮಿನಿಯಂ, ಮ್ಯಾಕ್ 2.2, ಚಿಕ್ಕ ವಿಮಾನ. ಅದು ಖಂಡಿತ ಹಾರುತ್ತಿತ್ತು, ಆದರೆ ಕಾಂಕಾರ್ಡ್‌ನಷ್ಟೇ ನಷ್ಟ ಮಾಡುತ್ತಿತ್ತು. ಲಾಕ್‌ಹೀಡ್‌ನ ಡೆಲ್ಟಾ ಆರಿಸಿದ್ದರೆ ಎರಡು ವರ್ಷ ಉಳಿಯುತ್ತಿತ್ತು. ಬಹುಶಃ 1970ರ ಹೊತ್ತಿಗೆ ಒಂದು ಪ್ರೊಟೊಟೈಪ್ ಹಾರುತ್ತಿತ್ತು, ಹಾರಿದ ವಿಮಾನವನ್ನು ಸಂಸತ್ತು ಕೊಲ್ಲುವುದು ಕಷ್ಟ. ಆಮೇಲೆ 1973ರ ತೈಲ ಬಿಕ್ಕಟ್ಟು ಬರುತ್ತಿತ್ತು. ಬರೀ ಎರಡು ಪ್ರೊಟೊಟೈಪ್ ಮಾಡಿ, ಮಾರಾಟದ ಮಾತು ಬಿಟ್ಟು, ಕಲಿಯಲು ಹಾರಿಸುವುದು ಮೂರನೇ ದಾರಿ. ನನ್ನನ್ನು ಕೇಳಿದ್ದರೆ ಇದನ್ನೇ ಹೇಳುತ್ತಿದ್ದೆ. ಆದರೆ ಕಲಿಯುವುದಕ್ಕೆ ಅಂತ ಹೇಳಿದರೆ 100 ಕೋಟಿ ಡಾಲರ್ ಯಾರೂ ಕೊಡುವುದಿಲ್ಲ.

ಈಗ ನಿಮ್ಮ ಪ್ರಾಜೆಕ್ಟ್. ಗೈಡ್ ಹೇಳಿದ್ದರಲ್ಲಿ ಅರ್ಧ ಸರಿ. ಇಡೀ 2707ರ ಮಾಡೆಲ್ ಮಾಡಿ ಕಂಪ್ಯೂಟರ್‌ನಲ್ಲಿ ಗಾಳಿ ಹರಿಸಿ ಬಣ್ಣಬಣ್ಣದ ಚಿತ್ರ ತೆಗೆಯುವ ಯೋಜನೆ ಇದ್ದರೆ ಬಿಟ್ಟುಬಿಡಿ. ಹೋಲಿಸಿ ನೋಡಲು ಹಾರಾಟದ ಅಂಕಿಅಂಶ ಇಲ್ಲ. ನಿಮ್ಮ ಉತ್ತರ ಸರಿಯೋ ತಪ್ಪೋ ನಿಮಗೇ ಗೊತ್ತಾಗುವುದಿಲ್ಲ, ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಪಿವಟ್ ಒಂದನ್ನೇ ತೆಗೆದುಕೊಂಡು ಸ್ಟ್ರೆಸ್ ಲೆಕ್ಕ ಮಾಡುವುದು ಚೆನ್ನಾಗಿರುತ್ತದೆ. ಅಪಾಯ ಏನಂದರೆ ಮೂಲ ಅಳತೆಗಳನ್ನು ಊಹಿಸಬೇಕು, ಊಹೆ ತಪ್ಪಿದರೆ ಎಲ್ಲ ತಪ್ಪು. ಹೊಸ ವಿಷಯಕ್ಕೆ ಹಾರುವುದೂ ಒಂದು ದಾರಿ. ಬೂಮ್ ಸೂಪರ್‌ಸಾನಿಕ್ ಕಂಪನಿಯ ಎಕ್ಸ್‌ಬಿ-1 ಪುಟ್ಟ ವಿಮಾನ 2025ರ ಜನವರಿಯಲ್ಲಿ ಶಬ್ದದ ವೇಗ ಮೀರಿತು. ಸದ್ದು ತಗ್ಗಿಸಲು ಮಾಡಿದ ನಾಸಾದ ಎಕ್ಸ್-59 ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೊದಲ ಸಲ ಹಾರಿತು. 1973ರ ನಿಷೇಧ ತೆಗೆಯಲು ಅಮೆರಿಕದ ಅಧ್ಯಕ್ಷರ ಆದೇಶವೂ 2025ರ ಜೂನ್‌ನಲ್ಲಿ ಬಂದಿದೆ. ವಿಷಯ ಬಿಸಿಬಿಸಿ ಇದೆ. ಆದರೆ ಕಂಪನಿಗಳ ಅಂಕಿ ಹೊರಗೆ ಸಿಗುವುದಿಲ್ಲ. ಪತ್ರಿಕಾ ಪ್ರಕಟಣೆ ನೆಚ್ಚಿಕೊಂಡು ಪ್ರಾಜೆಕ್ಟ್ ಬರೆಯಬೇಡಿ. ಒಂದನ್ನು ಮಾತ್ರ ಗಮನಿಸಿ: ಬೂಮ್‌ನವರು ತಮ್ಮ ಪ್ರಯಾಣಿಕ ವಿಮಾನಕ್ಕೆ ಇಟ್ಟಿರುವ ವೇಗ ಮ್ಯಾಕ್ 1.7. ಕಾಂಕಾರ್ಡ್‌ಗಿಂತ ಕಡಿಮೆ, 2707ಕ್ಕಿಂತ ಬಹಳ ಕಡಿಮೆ. ಯಾಕೆ ಇಳಿದರು ಅಂತ ಮೇಲಿನ ಲೆಕ್ಕ ನೋಡಿದವರಿಗೆ ಹೇಳಬೇಕಿಲ್ಲ.

ನಾನಾಗಿದ್ದರೆ ಮಾಡುವುದು ಇದು. 2707-200 (ರೆಕ್ಕೆ ತಿರುಗುವುದು) ಮತ್ತು 2707-300 (ತಿರುಗದ್ದು) ಎರಡನ್ನೂ ಪಕ್ಕಪಕ್ಕ ಇಟ್ಟು, ಖಾಲಿ ತೂಕ 1% ಏರಿದರೆ ಎಷ್ಟು ಪ್ರಯಾಣಿಕರು ಇಳಿಯಬೇಕು, ಎಷ್ಟು ದೂರ ಕಡಿಮೆಯಾಗುತ್ತದೆ ಅನ್ನುವ ಲೆಕ್ಕ. ಮೊದಲು ಅದೇ ವಿಧಾನವನ್ನು ಕಾಂಕಾರ್ಡ್ ಮೇಲೆ ಓಡಿಸಿ, ಉತ್ತರ ನಿಜದ ಹತ್ತಿರ ಬರುತ್ತದಾ ನೋಡಿ. ಅದೇ ನಿಮ್ಮ ತಾಳೆ. ನಾಸಾದ 60ರ ದಶಕದ ವಿಂಡ್ ಟನಲ್ ವರದಿಗಳು ಉಚಿತವಾಗಿ ಸಿಗುತ್ತವೆ. ಸ್ಕ್ಯಾಟ್ (SCAT, ನಾಸಾದ ಸೂಪರ್‌ಸಾನಿಕ್ ಪ್ರಯಾಣಿಕ ವಿಮಾನದ ಅಧ್ಯಯನ) ಅಂತ ಹುಡುಕಿ, ಬೋಯಿಂಗ್‌ನ ಮೊದಲ ವಿನ್ಯಾಸದ ಬೇರು ಅಲ್ಲಿದೆ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ, ಎಕ್ಸೆಲ್ ಸಾಕು. ತೊಂದರೆ ಒಂದೇ: ನೋಡಲು ಸಪ್ಪೆ. ಸೆಮಿನಾರ್ ಹಾಲ್‌ನಲ್ಲಿ ಪಕ್ಕದವರ ಬಣ್ಣದ ಚಿತ್ರಗಳ ಮುಂದೆ ನಿಮ್ಮ ಟೇಬಲ್ ಬಡವನ ಹಾಗೆ ಕಾಣುತ್ತದೆ. ಇಂಟರ್‌ವ್ಯೂನಲ್ಲಿ ಮಾತ್ರ "ಸೂಕ್ಷ್ಮತೆಯ (ಸೆನ್ಸಿಟಿವಿಟಿ) ಲೆಕ್ಕ ಮಾಡಿದ್ದೇನೆ" ಅಂದರೆ ಎದುರಿಗಿರುವವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ನಾನು ಆ ಕಡೆ ಕೂತಿದ್ದಾಗ ಹಾಗೇ ಕೂರುತ್ತಿದ್ದೆ.

ಈ ಯೋಜನೆಯನ್ನು ಒಂದು ಪುಟದಲ್ಲಿ ಬರೆದು ಗೈಡ್‌ಗೆ ಕೊಡಿ, ಕಾಂಕಾರ್ಡ್‌ನ 185, 78, 95ರ ಲೆಕ್ಕವನ್ನು ಮೇಲ್ಗಡೆಯೇ ಹಾಕಿ. ಆಮೇಲೂ ಬೇಡ ಅಂದರೆ ಮತ್ತೆ ಬರೆಯಿರಿ. ಬ್ರ್ಯಾಕೆಟ್‌ಗಳ ತೂಕದ ನನ್ನ ಹಳೆಯ ಪಟ್ಟಿ ಎಲ್ಲೋ ಅಟ್ಟದ ಮೇಲಿದೆ, ಹುಡುಕಿ ಇಟ್ಟಿರುತ್ತೇನೆ.